ಧಾರಾವಿಯ ನಡಿಗೆ ಪ್ರವಾಸ: ಯಾರ ಜೊತೆ ಹೋಗಬೇಕು, ಯಾವುದನ್ನು ಬಿಡಬೇಕು

ಮುಂಬೈಯ ಹೆಸರಾಂತ ಕೊಳೆಗೇರಿ ಧಾರಾವಿಯನ್ನು ನಡೆದು ನೋಡಲು ಮೊಬೈಲ್‌ನಲ್ಲಿ ‘ಧಾರಾವಿ ಟೂರ್’ ಎಂದು ಹುಡುಕಿದರೆ ಪ್ರವಾಸ ನಡೆಸುವ ಹತ್ತಾರು ತಂಡಗಳ ಹೆಸರು ಬರುತ್ತವೆ. ಎಲ್ಲರೂ ‘ಸ್ಥಳೀಯರೇ ನಡೆಸುವ ಪ್ರವಾಸ’ ಎಂದೇ ಬರೆದುಕೊಂಡಿರುತ್ತಾರೆ. ದರದಲ್ಲಿ ಅಂಥಾ ಅಂತರ ಕಾಣುವುದಿಲ್ಲ, ರೇಟಿಂಗ್ ಎಲ್ಲರದ್ದೂ ಐದರ ಹತ್ತಿರ. ಹಾಗಾಗಿ ಹೆಚ್ಚಿನವರು ಮೊದಲು ಕಂಡದ್ದನ್ನೇ ಬುಕ್ ಮಾಡಿಬಿಡುತ್ತಾರೆ. ಆದರೆ ನೀವು ಎರಡು–ಎರಡೂವರೆ ಗಂಟೆ ನಡೆಯುವುದು ಜನ ಅಡುಗೆ ಮಾಡುವ, ಮಕ್ಕಳಿಗೆ ಸ್ನಾನ ಮಾಡಿಸುವ, ಹೊಟ್ಟೆಪಾಡಿಗೆ ದುಡಿಯುವ ಗಲ್ಲಿಗಳಲ್ಲಿ. ಆ ಗಲ್ಲಿಯವರ ಮಾತು ಪ್ರವಾಸ ನಡೆಸುವವರ ಹತ್ತಿರ ನಡೆಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ದರ, ರೇಟಿಂಗ್, ಎಸಿ ಕಾರು ಆಮೇಲಿನ ಮಾತು.

ಜಾಗದ ಅಂದಾಜು ಇರಲಿ

ಧಾರಾವಿ ಮುಂಬೈಯ ನಟ್ಟನಡುವೆ ಇದೆ. ಪಶ್ಚಿಮಕ್ಕೆ ಮಾಹಿಮ್, ಪೂರ್ವಕ್ಕೆ ಸಯನ್, ದಕ್ಷಿಣಕ್ಕೆ ಮಾಟುಂಗಾ, ಉತ್ತರಕ್ಕೆ ಮಿಠಿ ನದಿ. ನದಿ ದಾಟಿದರೆ ಬಾಂದ್ರಾ–ಕುರ್ಲಾ ಸಂಕೀರ್ಣದ ಬ್ಯಾಂಕ್ ಕಟ್ಟಡಗಳು. ವಿಸ್ತೀರ್ಣ ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆಯ ಅಂದಾಜು ಹೇಳುವವರಿಂದ ಹೇಳುವವರಿಗೆ ಬದಲಾಗುತ್ತದೆ, ಹತ್ತು ಲಕ್ಷದವರೆಗೂ ಹೋಗುತ್ತದೆ.

ಈ ಸಣ್ಣ ಜಾಗದೊಳಗೆ ಹಲವು ಊರುಗಳಿವೆ. ಎಲ್ಲರಿಗಿಂತ ಮೊದಲಿದ್ದ ಕೋಲಿ ಮೀನುಗಾರರ ಕೋಲಿವಾಡ, ಸೌರಾಷ್ಟ್ರದ ಕಡೆಯಿಂದ ಬಂದ ಕುಂಬಾರರ ಕುಂಭಾರವಾಡ, ತಮಿಳರ ಅಂಗಡಿಗಳ 90 ಫೀಟ್ ರಸ್ತೆ, ನಗರದ ಹಳೆ ಪ್ಲಾಸ್ಟಿಕ್, ತಗಡಿನ ಡಬ್ಬ, ರಟ್ಟು ಬಂದು ಬೀಳುವ 13 ಕಾಂಪೌಂಡ್, ಚರ್ಮದ ಸಾಮಾನಿನ ಅಂಗಡಿಗಳು ಸಾಲಾಗಿರುವ ಕಾಲಾ ಕಿಲ್ಲಾ ಕಡೆಯ ರಸ್ತೆ. ತಮಿಳು, ಮರಾಠಿ, ಹಿಂದಿ, ಗುಜರಾತಿ, ತೆಲುಗು, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಎರಡೂವರೆ ಗಂಟೆಯಲ್ಲಿ ಇದೆಲ್ಲವನ್ನೂ ತೋರಿಸುತ್ತೇವೆ ಎನ್ನುವವರ ಮಾತು ನಂಬಬೇಡಿ. ಒಳ್ಳೆಯ ನಡಿಗೆ ಮೂರು ಅಥವಾ ನಾಲ್ಕು ಕಡೆ ನಿಧಾನವಾಗಿ ನಿಲ್ಲುತ್ತದೆ, ಉಳಿದದ್ದನ್ನು ಬಿಡುತ್ತದೆ.

ಆಯ್ಕೆಗಳು ಯಾವುವು

ಮೊದಲನೆಯದು, ಧಾರಾವಿಯಲ್ಲೇ ಹುಟ್ಟಿ ಬೆಳೆದವರು ತಾವೇ ಕಟ್ಟಿದ ಸಣ್ಣ ತಂಡ. ‘ಬಿ ದ ಲೋಕಲ್’ ಇಂಥದ್ದು. ಅಲ್ಲಿನ ಹುಡುಗರು ಶುರು ಮಾಡಿದ್ದು, ಅಲ್ಲಿಯ ಕಾಲೇಜು ವಿದ್ಯಾರ್ಥಿಗಳೇ ಗೈಡ್‌ಗಳಾಗಿ ಓದಿನ ಖರ್ಚು ಹೊಂದಿಸಿಕೊಳ್ಳುತ್ತಾರೆ. ಇಂಥ ತಂಡಗಳಲ್ಲಿ ಗೈಡ್‌ಗೆ ದಾರಿಯಲ್ಲಿ ಸಿಗುವವರೆಲ್ಲ ಪರಿಚಯದವರು. ಅಂಗಡಿಯವರು ಹೆಸರು ಹಿಡಿದು ಕರೆಯುತ್ತಾರೆ, ಕಾರ್ಖಾನೆಯ ಸೇಠ್ ಬಾಗಿಲಲ್ಲೇ ಎರಡು ಮಾತಾಡುತ್ತಾರೆ. ಕೊರತೆಯೂ ಇದೆ. ಪರೀಕ್ಷೆಯ ತಿಂಗಳಲ್ಲಿ ಗೈಡ್‌ಗಳು ಕಡಿಮೆ, ಕೊನೆ ಗಳಿಗೆಯಲ್ಲಿ ಬೇರೆ ಹುಡುಗ ಬರುವುದು ಸಾಮಾನ್ಯ, ವಿವರಣೆಯ ಗುಣಮಟ್ಟ ಗೈಡ್‌ನಿಂದ ಗೈಡ್‌ಗೆ ಏರುಪೇರು.

ಎರಡನೆಯದು, ಪ್ರವಾಸದ ಕಂಪನಿ ಮತ್ತು ಸೇವಾಸಂಸ್ಥೆ ಜೊತೆಗೂಡಿ ನಡೆಯುವ ಮಾದರಿ. 2005ರಲ್ಲಿ ಶುರುವಾದ ‘ರಿಯಾಲಿಟಿ ಟೂರ್ಸ್ ಅಂಡ್ ಟ್ರಾವೆಲ್’ ಇದರಲ್ಲಿ ಹೆಸರಾದದ್ದು. ಬ್ರೆಜಿಲ್‌ನ ರಿಯೊ ನಗರದ ಫಾವೆಲಾ (ಕೊಳೆಗೇರಿ) ಪ್ರವಾಸಗಳನ್ನು ನೋಡಿ ಹುಟ್ಟಿದ ಯೋಚನೆ ಅದು. ಲಾಭದ ಶೇ. 80 ಭಾಗ ‘ರಿಯಾಲಿಟಿ ಗಿವ್ಸ್’ ಎಂಬ ಸಂಸ್ಥೆಯ ಮೂಲಕ ಧಾರಾವಿಯ ಮಕ್ಕಳ, ಯುವಜನರ ಶಿಕ್ಷಣಕ್ಕೆ ಹೋಗುತ್ತದೆ ಎಂಬುದು ಅವರ ಪದ್ಧತಿ. ಗುಂಪು ಸಣ್ಣದು, ಕ್ಯಾಮೆರಾ ನಿಷೇಧ, ಗೈಡ್‌ಗಳಿಗೆ ತರಬೇತಿ. ಮೊದಲ ಸಲ ಹೋಗುವವರಿಗೆ, ಕುಟುಂಬದ ಜೊತೆ ಹೋಗುವವರಿಗೆ ಇಂಥ ಕಡೆ ವ್ಯವಸ್ಥೆ ಅಚ್ಚುಕಟ್ಟು. ಆದರೆ ದಾರಿ ಬಹುಮಟ್ಟಿಗೆ ಗೊತ್ತುಮಾಡಿದ್ದಿರುತ್ತದೆ. ‘ಅಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲೋಣ’ ಎಂದರೆ ಹಿಂದಿನ ಗುಂಪು ಬರುತ್ತಿರುತ್ತದೆ.

ಮೂರನೆಯದು, ಹೋಟೆಲ್ ಕೌಂಟರ್ ಅಥವಾ ಬುಕಿಂಗ್ ಆ್ಯಪ್ ಮಾರುವ ‘ಮುಂಬೈ ದರ್ಶನ’ದಲ್ಲಿ ಸೇರಿಕೊಂಡ ಒಂದು ಗಂಟೆಯ ಧಾರಾವಿ. ಬೆಳಗ್ಗೆ ಗೇಟ್‌ವೇ, ಆಮೇಲೆ ಧೋಬಿ ಘಾಟ್, ನಡುವೆ ಧಾರಾವಿ, ಸಂಜೆ ಮರೀನ್ ಡ್ರೈವ್. ಸಮಯ ಸಾಲದು, ಗೈಡ್ ಹೊರಗಿನವರು, ಯಾರ ಬಾಗಿಲಲ್ಲೂ ನಿಂತು ಮಾತಾಡುವಷ್ಟು ಪರಿಚಯವಿಲ್ಲ. ಇದನ್ನು ನೇರವಾಗಿ ಬಿಡಿ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಹೋದರೆ ಮೊಟಕಾಗುವುದು ಧಾರಾವಿಯ ಭಾಗವೇ, ಗೇಟ್‌ವೇ ಅಲ್ಲ.

ನಾಲ್ಕನೆಯದು, ಒಂದೇ ಕಸುಬು ಹಿಡಿದು ಹೋಗುವುದು: ಕುಂಭಾರವಾಡದಲ್ಲಿ ಕೂತು ಮಣ್ಣಿನ ಕೆಲಸ ಕಲಿಯುವುದು, ಇಲ್ಲವೇ ಒಬ್ಬರ ಮನೆಯಲ್ಲಿ ಊಟ. ಎರಡನೇ ಸಲ ಹೋಗುವವರಿಗೆ, ಹತ್ತು–ಹನ್ನೆರಡು ವರ್ಷದ ಮಕ್ಕಳಿರುವವರಿಗೆ ನಮ್ಮ ಮೊದಲ ಶಿಫಾರಸು ಇದು. ನೀವು ಅಲ್ಲಿ ಬರೀ ನೋಡಿ ಹೋಗುವವರಾಗಿರುವುದಿಲ್ಲ, ಕಲಿಯಲು ಬಂದವರು. ಕಲಿಸುವವರು ತಮ್ಮ ಜಾಗದಲ್ಲಿ, ತಮ್ಮ ಕಸುಬಿನಲ್ಲಿ ಗುರುಗಳು. ಹಣವೂ ಆ ಮನೆಗೇ ಸೇರುತ್ತದೆ, ನೀವು ಅವರಿಗೇ ನೇರ ಕೊಟ್ಟರೆ.

ಗೈಡ್ ಇಲ್ಲದೆ ಒಬ್ಬರೇ ಹೋಗಬಹುದೇ? ಮುಖ್ಯರಸ್ತೆಗಳಲ್ಲಿ ಧಾರಾಳವಾಗಿ ಹೋಗಬಹುದು. 90 ಫೀಟ್ ರಸ್ತೆ, ಚರ್ಮದ ಅಂಗಡಿ ಸಾಲು, ಕುಂಭಾರವಾಡದ ರಸ್ತೆಬದಿಯ ಮಡಕೆ ಅಂಗಡಿ ಎಲ್ಲರಿಗೂ ತೆರೆದ ಮಾರುಕಟ್ಟೆ. ಬ್ಯಾಗು ಕೊಳ್ಳಿ, ಚಹಾ ಕುಡಿಯಿರಿ, ವಾಪಸ್ ಬನ್ನಿ. ಒಳಗಿನ ಗಲ್ಲಿ ಹಾಗಲ್ಲ. ಅಲ್ಲಿ ಮನೆಯ ಹೊಸ್ತಿಲು ಮತ್ತು ದಾರಿ ಒಂದೇ. ಪರಿಚಯದವರಿಲ್ಲದೆ ನುಗ್ಗಿದರೆ ಕಳ್ಳತನದ ಭಯಕ್ಕಿಂತ ಮುಂಚೆ ಬರುವ ಪ್ರಶ್ನೆ, ಪಾತ್ರೆ ತೊಳೆಯುತ್ತಿರುವ ಹೆಂಗಸಿನ ಮುಂದೆ ನೀವು ಯಾಕೆ ನಿಂತಿದ್ದೀರಿ ಎಂಬುದು.

ಇನ್ನು ‘ಉಚಿತ ಪ್ರವಾಸ, ಕೊನೆಗೆ ಖುಷಿಯಾದಷ್ಟು ಕೊಡಿ’ ಎನ್ನುವವರೂ ಇದ್ದಾರೆ. ಅಲ್ಲಿ ಗೈಡ್‌ಗೆ ಗೊತ್ತಾದ ಸಂಬಳ ಇರುವುದಿಲ್ಲ. ಆ ದಿನದ ಗಳಿಕೆ ಟಿಪ್ಸ್ ಮತ್ತು ಅಂಗಡಿಯ ಕಮಿಷನ್ ಮೇಲೆ ನಿಂತಿರುವುದರಿಂದ ದಾರಿ ಅಂಗಡಿಗಳ ಕಡೆಗೇ ತಿರುಗುತ್ತದೆ. ಬಡತನವನ್ನು ಒಂದಿಷ್ಟು ಹೆಚ್ಚೇ ಬಣ್ಣಿಸಿದರೆ ಟಿಪ್ಸ್ ಹೆಚ್ಚು ಸಿಗುತ್ತದೆ ಎಂಬ ಒತ್ತಡವೂ ಅವರ ಮೇಲಿರುತ್ತದೆ. ತಪ್ಪು ಆ ಹುಡುಗರದ್ದಲ್ಲ, ಹಾಗೆ ದುಡಿಸುವ ವ್ಯವಸ್ಥೆಯದ್ದು.

ಹಣ ಎಲ್ಲಿಗೆ ಹೋಗುತ್ತದೆ: ಲೆಕ್ಕ ಬಿಡಿಸಿ ನೋಡಿ

ಜಾಹೀರಾತಿನಲ್ಲಿ ‘ಶೇ. 80 ಸಮುದಾಯಕ್ಕೆ’ ಎಂದಿದ್ದರೆ ಮೊದಲು ಕೇಳಬೇಕಾದ್ದು, ಯಾವುದರ ಶೇ. 80? ಟಿಕೆಟ್ ಹಣದ್ದೋ, ಲಾಭದ್ದೋ? ಎರಡೂ ಬೇರೆ ಬೇರೆ. ಉದಾಹರಣೆಗೆ ಟಿಕೆಟ್ ₹1,000 ಎಂದಿಟ್ಟುಕೊಳ್ಳಿ. ಗೈಡ್ ಸಂಬಳ, ಕಚೇರಿ ಬಾಡಿಗೆ, ತೆರಿಗೆ, ಬುಕಿಂಗ್ ಖರ್ಚು ಎಲ್ಲ ಸೇರಿ ₹800 ಹೋದರೆ ಲಾಭ ₹200. ಅದರ ಶೇ. 80 ಎಂದರೆ ₹160. ಹಾಗಂತ ಉಳಿದ ಹಣ ವ್ಯರ್ಥವಾಯಿತು ಎಂದಲ್ಲ. ಆ ₹800ರಲ್ಲಿ ಧಾರಾವಿಯ ಗೈಡ್‌ನ ಸಂಬಳ ಎಷ್ಟಿದೆ ಎಂಬುದು ಅಷ್ಟೇ ಮುಖ್ಯ. ಲಾಭ ಪೂರ್ತಿ ದಾನ ಮಾಡಿ ಗೈಡ್‌ಗೆ ಚಿಲ್ಲರೆ ಕೊಡುವ ಕಂಪನಿಗಿಂತ, ದಾನದ ಮಾತೇ ಆಡದೆ ಗೈಡ್‌ಗೆ ಸರಿಯಾದ ತಿಂಗಳ ಸಂಬಳ ಕೊಡುವ ಕಂಪನಿ ಮೇಲು.

ಬುಕಿಂಗ್ ಆ್ಯಪ್‌ಗಳ ಕಮಿಷನ್ ಸಾಮಾನ್ಯವಾಗಿ ಶೇ. 20ರಿಂದ 30ರ ನಡುವೆ ಇರುತ್ತದೆ. ಅದೇ ₹1,000ದಲ್ಲಿ ಇನ್ನೂರರಿಂದ ಮುನ್ನೂರು ರೂಪಾಯಿ ಊರೇ ಬಿಟ್ಟು ಹೋಗುತ್ತದೆ. ಆ್ಯಪ್‌ನಲ್ಲಿ ಹೆಸರು ನೋಡಿಕೊಂಡು, ಬುಕಿಂಗ್ ಮಾತ್ರ ಆ ತಂಡದ ಸ್ವಂತ ವೆಬ್‌ಸೈಟ್ ಅಥವಾ ಫೋನ್ ಮೂಲಕ ಮಾಡಿದರೆ ಆ ಹಣ ಅಲ್ಲೇ ಉಳಿಯುತ್ತದೆ. ನಿಮಗೂ ಒಂದು ಲಾಭ: ಸಮಯ ಬದಲಿಸುವುದಿದ್ದರೆ, ಯಾವ ಭಾಷೆ ಬೇಕೆಂದು ಹೇಳುವುದಿದ್ದರೆ ನಡೆಸುವವರ ಜೊತೆಯೇ ಮಾತಾಡಬಹುದು.

ದಾರಿಯಲ್ಲಿ ನಿಮ್ಮನ್ನು ಒಳಗೆ ಬಿಟ್ಟುಕೊಳ್ಳುವ ಕಾರ್ಖಾನೆಯವರಿಗೆ ಏನು ಸಿಗುತ್ತದೆ? ಈ ಪ್ರಶ್ನೆ ಕೇಳುವವರು ಕಡಿಮೆ, ಆದರೆ ಪಾಲು ಯಾರಿಗೆ ಎಂಬುದು ಇಲ್ಲೇ ಬಯಲಾಗುತ್ತದೆ. ಗೈಡ್‌ಗೆ ಸಂಬಳ, ಕಂಪನಿಗೆ ಲಾಭ, ಸಂಸ್ಥೆಗೆ ದೇಣಿಗೆ. ದಿನಕ್ಕೆ ಹಲವು ಸಲ ಕೆಲಸ ನಿಲ್ಲಿಸಿ ಅಪರಿಚಿತರಿಗೆ ಜಾಗ ಬಿಡುವ ಕುಂಬಾರನಿಗೆ ಮಾತ್ರ ಏನೂ ಇಲ್ಲದಿದ್ದರೆ ಆ ಲೆಕ್ಕದಲ್ಲಿ ಕೊರತೆಯಿದೆ. ಕೆಲವು ತಂಡಗಳು ಮಾಸಿಕ ಮೊತ್ತ ಗೊತ್ತುಮಾಡಿಕೊಂಡಿರುತ್ತವೆ, ಕೆಲವು ಕಡೆ ಆ ಮನೆಯ ಸಾಮಾನು ಕೊಳ್ಳುವ ಪದ್ಧತಿ ಇರುತ್ತದೆ. ಯಾವುದಾದರೂ ಇರಲಿ, ಉತ್ತರವೊಂದು ಇರಬೇಕು.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಕೇಳಬೇಕಾದ್ದು

- ಗೈಡ್ ಧಾರಾವಿಯ ಯಾವ ಭಾಗದವರು? ‘ಲೋಕಲ್’ ಎಂದರೆ ಬರೀ ಮುಂಬೈಯವರು ಎಂದೂ ಆಗಬಹುದು. ಸಯನ್ ಕಡೆಯವರೋ, ಕುಂಭಾರವಾಡದವರೋ, ಟ್ರಾನ್ಸಿಟ್ ಕ್ಯಾಂಪ್ (ತಾತ್ಕಾಲಿಕ ವಸತಿ) ಕಡೆಯವರೋ ಎಂದು ನಿಖರವಾಗಿ ಹೇಳಿದರೆ ಮಾತು ನಿಜ.
- ಕಂಪನಿಯ ಒಡೆತನದಲ್ಲಿ ಅಲ್ಲಿಯವರು ಇದ್ದಾರಾ, ಸಂಬಳಕ್ಕೆ ಮಾತ್ರವೋ?
- ಒಂದು ಗೈಡ್‌ಗೆ ಎಷ್ಟು ಜನ? ಆರು ಸರಿ, ಎಂಟು ಪರವಾಗಿಲ್ಲ, ಹನ್ನೆರಡು ಹೆಚ್ಚಾಯಿತು.
- ಫೋಟೊ ನಿಯಮ ಏನು?
- ಮನೆಯೊಳಗೆ ಕರೆದೊಯ್ಯುತ್ತೀರಾ? ಹೌದಾದರೆ ಆ ಮನೆಯವರಿಗೆ ಮುಂಚೆ ತಿಳಿಸಿರುತ್ತೀರಾ?
- ಹಿಂದಿಯಲ್ಲಿ ನಡೆಸುತ್ತೀರಾ? ಕನ್ನಡ ಅಥವಾ ತಮಿಳು ಬಲ್ಲ ಗೈಡ್ ಇದ್ದಾರಾ?

ಭಾಷೆಯ ವಿಷಯಕ್ಕೆ ಇನ್ನೆರಡು ಮಾತು. ಹೆಚ್ಚಿನ ಪ್ರವಾಸಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ, ಏಕೆಂದರೆ ಬರುವವರಲ್ಲಿ ವಿದೇಶಿಯರು ಬಹಳ. ನಾಲ್ಕು ಜನ ಸೇರಿ ಖಾಸಗಿ ಗುಂಪು ಮಾಡಿಕೊಂಡು ಹಿಂದಿಯಲ್ಲಿ ಕೇಳಿದರೆ ನಡಿಗೆಯ ರೀತಿಯೇ ಬದಲಾಗುತ್ತದೆ. ಗೈಡ್ ಹೇಳುವುದು ಕೆಲಸಗಾರನಿಗೂ ಅರ್ಥವಾಗುತ್ತದೆ, ಅವನೇ ನಡುವೆ ಬಾಯಿ ಹಾಕಿ ತಿದ್ದುತ್ತಾನೆ. ಬೆಂಗಳೂರಿನಿಂದ ಹೋಗುವ ಬಹಳಷ್ಟು ಜನರಿಗೆ ತಮಿಳು ಬರುತ್ತದೆ. 90 ಫೀಟ್ ರಸ್ತೆಯ ಅಕ್ಕಪಕ್ಕ ಅದು ಇಂಗ್ಲಿಷಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕ್ಯಾಮೆರಾ

ಕೆಲವರು ಪೂರ್ತಿ ಬೇಡ ಎನ್ನುತ್ತಾರೆ. ಕೆಲವರು ಮಾಳಿಗೆಯ ಮೇಲೆ ಅಥವಾ ಅಂಗಡಿಯೊಳಗೆ ಮಾತ್ರ ಬಿಡುತ್ತಾರೆ. ಕೆಲವರು ‘ಕೇಳಿಕೊಂಡು ತೆಗೆಯಿರಿ’ ಎನ್ನುತ್ತಾರೆ. ಮೂರನೆಯದು ಕೇಳಲು ಸಭ್ಯವಾಗಿದೆ, ನಡೆಯುವುದಿಲ್ಲ. ಗೈಡ್ ಪಕ್ಕದಲ್ಲಿ ನಿಂತಿರುವಾಗ, ಸೇಠ್ ನೋಡುತ್ತಿರುವಾಗ ದಿನಗೂಲಿಯ ಕೆಲಸಗಾರ ‘ಬೇಡ’ ಎನ್ನುವುದು ಕಷ್ಟ. ಊರಲ್ಲಿರುವ ಮನೆಯವರಿಗೆ ತಾನು ಮುಂಬೈಯಲ್ಲಿ ಯಾವ ಕೆಲಸ ಮಾಡುತ್ತಿದ್ದೇನೆ ಎಂದು ಹೇಳಿರದ ಗಂಡಸರು ಕಸ ವಿಂಗಡಿಸುವ ಕಡೆ ಇರುತ್ತಾರೆ. ನಿಮ್ಮ ಇನ್‌ಸ್ಟಾಗ್ರಾಮ್ ಚಿತ್ರ ಅಲ್ಲಿಗೂ ತಲುಪಬಹುದು. ಹಾಗಾಗಿ ಪೂರ್ತಿ ನಿಷೇಧ ಇರುವ ತಂಡವೇ ಉತ್ತಮ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊಬೈಲ್ ಚೀಲದೊಳಗೆ ಹೋದ ಮೇಲೆ ಕಣ್ಣು ಕಿವಿ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ.

ವಿಡಿಯೊ ಮಾಡಲೇಬೇಕು, ಯೂಟ್ಯೂಬ್ ಚಾನೆಲ್ ಇದೆ ಎನ್ನುವವರು ಸಾಮಾನ್ಯ ಗುಂಪಿನ ಜೊತೆ ಹೋಗಬಾರದು. ಪ್ರತ್ಯೇಕವಾಗಿ ಮಾತಾಡಿ, ಯಾವ ಕಾರ್ಖಾನೆ, ಯಾರ ಮುಖ, ಎಷ್ಟು ಹೊತ್ತು ಎಂದು ಮುಂಚಿತವಾಗಿ ಒಪ್ಪಿಗೆ ಪಡೆದು, ಅವರ ಕೂಲಿ ನಷ್ಟ ತುಂಬಿ ಮಾಡಬೇಕು.

ಒಳ್ಳೆಯ ನಡಿಗೆಯಲ್ಲಿ ಏನು ಕಾಣಬೇಕು

ಗೈಡ್‌ಗೆ ಕೆಲಸ ಗೊತ್ತಿದೆಯೋ, ಬಾಯಿಪಾಠ ಮಾತ್ರ ಇದೆಯೋ ಎಂದು ತಿಳಿಯಲು 13 ಕಾಂಪೌಂಡ್‌ನ ಪ್ಲಾಸ್ಟಿಕ್ ಕೆಲಸವೇ ಸಾಕು. ‘ಇಲ್ಲಿ ಪ್ಲಾಸ್ಟಿಕ್ ಮರುಬಳಕೆ ಮಾಡುತ್ತಾರೆ’ ಎಂದು ಹೇಳಿ ಮುಂದೆ ಹೋದರೆ ಅದು ಬಾಯಿಪಾಠ. ಬಲ್ಲವರು ನಿಮ್ಮನ್ನು ವಿಂಗಡಿಸುವವರ ಹತ್ತಿರ ನಿಲ್ಲಿಸುತ್ತಾರೆ. ಬಾಟಲಿ, ಬಕೆಟ್, ಮುರಿದ ಆಟಿಕೆ, ಟಿವಿ ಕವಚ ಎಲ್ಲ ಮೂಟೆಯಲ್ಲಿ ಒಟ್ಟಿಗೆ ಬರುತ್ತದೆ. ಮೊದಲು ಬಣ್ಣ ಮತ್ತು ಜಾತಿ ಬೇರೆಯಾಗಬೇಕು. ಕಣ್ಣಿಗೆ ಒಂದೇ ಥರ ಕಂಡರೆ ಕೆಲಸಗಾರ ಚೂರನ್ನು ಬೆರಳಿಂದ ತಟ್ಟಿ ಸದ್ದು ಕೇಳುತ್ತಾನೆ, ಬಗ್ಗಿಸಿ ನೋಡುತ್ತಾನೆ, ಆಗಲೂ ಗೊತ್ತಾಗದಿದ್ದರೆ ತುದಿಗೆ ಕಡ್ಡಿ ಗೀರಿ ಹೊಗೆಯ ವಾಸನೆಯಿಂದ ತೀರ್ಮಾನಿಸುತ್ತಾನೆ. ಒಂದು ಜಾತಿಯ ಪ್ಲಾಸ್ಟಿಕ್‌ನಲ್ಲಿ ಇನ್ನೊಂದು ಬೆರೆತರೆ ಕರಗಿಸುವಾಗ ಎಳೆ ಮುರಿಯುತ್ತದೆ, ಮಾಲಿನ ಬೆಲೆ ಬೀಳುತ್ತದೆ. ಆಮೇಲೆ ಯಂತ್ರದಲ್ಲಿ ಚೂರು ಮಾಡುತ್ತಾರೆ. ಆ ಚೂರುಯಂತ್ರಗಳಲ್ಲಿ ಧಾರಾವಿಯ ವರ್ಕ್‌ಶಾಪ್‌ಗಳಲ್ಲೇ ಮಾಡಿದವೂ ಇವೆ. ಚೂರನ್ನು ತೊಳೆದು ತಗಡಿನ ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಕರಗಿಸಿ ದಾರದಂತೆ ಎಳೆದು, ನೀರಲ್ಲಿ ತಣಿಸಿ, ಸಣ್ಣ ಕಾಳುಗಳಾಗಿ ಕತ್ತರಿಸುತ್ತಾರೆ. ಹೊಸ ಸಾಮಾನು ಮಾಡುವ ಕಾರ್ಖಾನೆಗಳು ಈ ಕಾಳುಗಳನ್ನು ಮೂಟೆಗಟ್ಟಲೆ ಕೊಳ್ಳುತ್ತವೆ. ಕೆಲಸಗಾರರಲ್ಲಿ ಉತ್ತರ ಪ್ರದೇಶ, ಬಿಹಾರದ ಕಡೆಯ ಗಂಡಸರು ಬಹಳ, ರಾತ್ರಿ ಮಲಗುವುದೂ ಬಹುತೇಕ ಅದೇ ಗಾಳೆಯಲ್ಲಿ (ಕೆಲಸದ ಕೋಣೆಯಲ್ಲಿ). ಕೂಲಿ, ಹೊಗೆ, ಕೈಗವಸಿಲ್ಲದ ಕೈ, ಇದನ್ನೆಲ್ಲ ಮುಚ್ಚಿಟ್ಟು ‘ಎಲ್ಲರೂ ಖುಷಿಯಾಗಿದ್ದಾರೆ’ ಎನ್ನುವ ಗೈಡ್ ಕೂಡ ಬೇಡ, ಬರೀ ಕಣ್ಣೀರು ತರಿಸುವವರೂ ಬೇಡ.

ಕುಂಭಾರವಾಡದಲ್ಲಿ ಭಟ್ಟಿಗಳನ್ನು ಹಲವು ಮನೆಯವರು ಹಂಚಿಕೊಳ್ಳುತ್ತಾರೆ. ಉರುವಲು ಹತ್ತಿಯ ಚಿಂದಿ, ಗಿರಣಿ ಮತ್ತು ಹೊಲಿಗೆ ಕಾರ್ಖಾನೆಗಳ ಉಳಿಕೆ. ಹೊಗೆ ದಟ್ಟ. ಮನೆಯ ಮುಂದಿನ ಭಾಗ ಅಂಗಡಿ, ನಡುವೆ ವಾಸ, ಹಿಂದೆ ಅಂಗಳದಲ್ಲಿ ಚಕ್ರ ಮತ್ತು ಭಟ್ಟಿ. ದೀಪಾವಳಿಗೆ ಮುಂಚಿನ ವಾರಗಳಲ್ಲಿ ಹಣತೆಯ ಭರಾಟೆ ಜೋರು. ನೋಡಲು ಚೆಂದ, ಆದರೆ ಮಾತಾಡಲು ಅವರಿಗೆ ಪುರುಸೊತ್ತಿರುವುದಿಲ್ಲ. ಕಲಿಯುವ ಉದ್ದೇಶವಿದ್ದರೆ ಆ ವಾರಗಳನ್ನು ಬಿಡಿ.

ಹಪ್ಪಳದ ಕೆಲಸ ಹೆಂಗಸರದ್ದು. ಬಿದಿರಿನ ಬುಟ್ಟಿಗಳನ್ನು ಬೋರಲು ಹಾಕಿ ಅದರ ಮೇಲೆ ಹಪ್ಪಳ ಹರಡುತ್ತಾರೆ. ಮಳೆಗಾಲದಲ್ಲಿ ಇದು ಕಾಣುವುದು ಅಪರೂಪ.

ಪುನರಭಿವೃದ್ಧಿಯ ಬಗ್ಗೆ ಕೇಳಿ

ಈಗ ಧಾರಾವಿಗೆ ಹೋಗಿ ಈ ವಿಷಯ ಎತ್ತದೆ ಬಂದರೆ ಅರ್ಧ ನೋಡಿದ ಹಾಗೆ. 2022ರ ನವೆಂಬರ್‌ನಲ್ಲಿ ಅದಾನಿ ಸಮೂಹ ₹5,069 ಕೋಟಿಯ ಬಿಡ್‌ನೊಂದಿಗೆ ಹಳೆಯ ಮನೆಗಳನ್ನು ಕೆಡವಿ ಫ್ಲ್ಯಾಟ್ ಕಟ್ಟುವ ಪುನರಭಿವೃದ್ಧಿ ಯೋಜನೆಯ ಟೆಂಡರ್ ಗೆದ್ದಿತು. 2024ರಲ್ಲಿ ಮನೆಮನೆ ಸಮೀಕ್ಷೆ ಶುರುವಾಯಿತು. 2000ದ ಜನವರಿ 1ಕ್ಕೆ ಮುಂಚಿನಿಂದ ನೆಲಮಹಡಿಯಲ್ಲಿ ವಾಸವಿರುವ ದಾಖಲೆ ಇದ್ದವರಿಗೆ ಧಾರಾವಿಯೊಳಗೇ 350 ಚದರಡಿಯ ಮನೆ ಉಚಿತ. ಆ ನಂತರ 2011ರವರೆಗೆ ಬಂದವರಿಗೆ ಧಾರಾವಿಯ ಹೊರಗೆ, ₹2.5 ಲಕ್ಷ ಕೊಟ್ಟರೆ. ಮಹಡಿಯ ಮೇಲಿನ ಖೋಲಿಗಳಲ್ಲಿರುವವರಿಗೆ ಹೊರಗಡೆ ಬಾಡಿಗೆ ಮನೆಯ ವ್ಯವಸ್ಥೆ. ಧಾರಾವಿಯ ಗಲ್ಲಿಗಳಲ್ಲಿ ಹೆಚ್ಚಿನ ಮನೆಗಳಿಗೆ ಕಬ್ಬಿಣದ ಏಣಿ ಹತ್ತಿ ಹೋಗುವ ಮೇಲಂತಸ್ತು ಇದೆ. ಕೆಳಗಿನವರಿಗೆ ಒಂದು ಹಣೆಬರಹ, ಮೇಲಿನವರಿಗೆ ಇನ್ನೊಂದು. ಒಂದೇ ಮನೆಯಲ್ಲಿ ದುಡಿಮೆ ಮತ್ತು ವಾಸ ಎರಡೂ ಇರುವ ಕುಂಬಾರರಿಗೆ 350 ಚದರಡಿಯ ಫ್ಲ್ಯಾಟ್‌ನಲ್ಲಿ ಭಟ್ಟಿ ಎಲ್ಲಿ ಎಂಬ ಚಿಂತೆ.

ಇದರ ಬಗ್ಗೆ ಧಾರಾವಿಯವರಲ್ಲೇ ಒಂದು ಅಭಿಪ್ರಾಯವಿಲ್ಲ. ಪಕ್ಕಾ ಮನೆ, ಸ್ವಂತ ಶೌಚಾಲಯ ಬೇಕೇ ಬೇಕು ಎನ್ನುವವರೂ ಇದ್ದಾರೆ, ಕಸುಬು ಹೋಗುತ್ತದೆ ಎಂದು ವಿರೋಧಿಸುವವರೂ ಇದ್ದಾರೆ. ಒಳ್ಳೆಯ ಗೈಡ್ ಎರಡನ್ನೂ ಹೇಳಿ, ತನ್ನ ಮನೆಗೆ ಏನಾಗಲಿದೆ ಎಂದೂ ಹೇಳುತ್ತಾರೆ. ಪ್ರಶ್ನೆ ತೇಲಿಸಿಬಿಡುವವರು ತಮ್ಮ ಪ್ರವಾಸ ಕಂಪನಿಯ ಮಾತಿಗೆ ಕಟ್ಟುಬಿದ್ದವರು. ಗಲ್ಲಿಯ ನಡುವೆ ಜೋರಾಗಿ ಕೇಳಬೇಡಿ, ನಡಿಗೆ ಮುಗಿಸಿ ಕೂತಾಗ ಕೇಳಿ.

ಬೇರೆ ಊರುಗಳಲ್ಲಿ ಹೇಗಿದೆ

ದೆಹಲಿಗೆ ಹೋಗುವವರಿಗೆ ಸಲಾಮ್ ಬಾಲಕ್ ಟ್ರಸ್ಟ್‌ನ ನಡಿಗೆ ಇದೆ. ಒಂದು ಕಾಲಕ್ಕೆ ಬೀದಿಯಲ್ಲಿ ಬೆಳೆದ ಯುವಕ ಯುವತಿಯರೇ ಪಹಾಡ್‌ಗಂಜ್ ಮತ್ತು ರೈಲು ನಿಲ್ದಾಣದ ಸುತ್ತ ಕರೆದೊಯ್ಯುತ್ತಾರೆ. ಅಲ್ಲಿ ಗೈಡ್ ಹೇಳುವುದು ತನ್ನದೇ ಬದುಕು, ಜಾಗ ಅದಕ್ಕೆ ಹಿನ್ನೆಲೆ. ಧಾರಾವಿಯದ್ದು ಕಸುಬಿನ ನಡಿಗೆ. ಎರಡರಲ್ಲಿ ಒಂದು ಎಂದರೆ, ಹದಿಹರೆಯದ ಮಕ್ಕಳ ಜೊತೆ ಹೋಗುವವರಿಗೆ ದೆಹಲಿಯದ್ದು ಹೆಚ್ಚು ತಟ್ಟುತ್ತದೆ.

ರಿಯೊದಲ್ಲಿ 1990ರ ದಶಕದಿಂದಲೂ ಹೊರಗಿನ ಕಂಪನಿಗಳು ರೊಸಿನ್ಯಾ ಫಾವೆಲಾಕ್ಕೆ ಜೀಪಿನಲ್ಲಿ ಜನರನ್ನು ಕರೆದೊಯ್ದವು. ಮೇಲೆ ಕೂತು ನೋಡುವವರು, ಕೆಳಗೆ ನಿಂತು ನೋಡಿಸಿಕೊಳ್ಳುವವರು. ಅದೇ ನಗರದ ಇನ್ನೊಂದು ಫಾವೆಲಾ ಸಾಂತಾ ಮಾರ್ತಾದಲ್ಲಿ ಆಮೇಲೆ ನಿವಾಸಿಗಳೇ ಗೈಡ್‌ಗಳಾಗಿ ನಡಿಗೆ ಶುರು ಮಾಡಿದರು. ಕೊಲಂಬಿಯಾದ ಮೆಡೆಲಿನ್ ನಗರದ ಕೊಮುನಾ 13 ಎಂಬ ಬಡಾವಣೆಯಲ್ಲಿ 2011ರಲ್ಲಿ ಹೊರಾಂಗಣ ಎಸ್ಕಲೇಟರ್ ಬಂದ ಮೇಲೆ ನಿವಾಸಿಗಳ ಗೋಡೆಚಿತ್ರ ಪ್ರವಾಸ ಬೆಳೆಯಿತು, ಎಷ್ಟೆಂದರೆ ಈಗ ಗದ್ದಲ ಮತ್ತು ಜನಜಂಗುಳಿ ಅಲ್ಲಿ ವಾಸಿಸುವವರಿಗೇ ತೊಂದರೆ. ನಿವಾಸಿಗಳೇ ನಡೆಸಿದರೂ ಸಂಖ್ಯೆಗೆ ಮಿತಿ ಬೇಕು ಎಂಬುದಕ್ಕೆ ಅದು ಸಾಕ್ಷಿ. ಧಾರಾವಿಯಲ್ಲೂ ಒಂದೇ ಗಲ್ಲಿಯಲ್ಲಿ ಎರಡು ಗುಂಪು ಎದುರುಬದುರಾದರೆ ನೀರಿನ ಕೊಡ ಹೊತ್ತ ಹೆಂಗಸಿಗೆ ದಾರಿ ಇರುವುದಿಲ್ಲ.

ಯಾವಾಗ, ಹೇಗೆ

ವಾರದ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಶುರುವಾಗುವ ನಡಿಗೆ ಉತ್ತಮ. ಅಷ್ಟರಲ್ಲಿ ಕೆಲಸ ಶುರುವಾಗಿರುತ್ತದೆ, ಬಿಸಿಲು ಏರಿರುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಹಳಷ್ಟು ಗಾಳೆಗಳು ಖಾಲಿ. ಭಾನುವಾರ ರಜೆ ಇರುವ ಕಾರ್ಖಾನೆಗಳಿವೆ, ಮುಂಚೆ ಕೇಳಿಕೊಳ್ಳಿ. ಈದ್, ದೀಪಾವಳಿ, ಹೋಳಿಯ ಸುತ್ತ ಕೆಲಸಗಾರರು ಊರಿಗೆ ಹೋಗಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ತಗ್ಗಿನ ಗಲ್ಲಿಗಳಿಗೆ ನೀರು ನುಗ್ಗುತ್ತದೆ. ಭಾರೀ ಮಳೆಯ ಎಚ್ಚರಿಕೆ ಇದ್ದ ದಿನ ತಂಡ ತಾನಾಗಿ ರದ್ದು ಮಾಡಿ ಹಣ ವಾಪಸ್ ಕೊಡುತ್ತದೆಯೇ ಎಂಬುದು ಅವರ ಜವಾಬ್ದಾರಿಗೆ ಒಳ್ಳೆಯ ಪರೀಕ್ಷೆ.

ಹೆಚ್ಚಿನ ತಂಡಗಳು ಮಾಹಿಮ್ ಅಥವಾ ಸಯನ್ ಸ್ಟೇಷನ್ ಬಳಿ ಸೇರಲು ಹೇಳುತ್ತವೆ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ದಾದರ್‌ನಲ್ಲಿ ಇಳಿಯಬಹುದು. ಅಲ್ಲಿಂದ ಪಶ್ಚಿಮ ಮಾರ್ಗದ ಸ್ಲೋ ಲೋಕಲ್‌ನಲ್ಲಿ ಮಾಟುಂಗಾ ರೋಡ್ ಬಿಟ್ಟು ಮುಂದಿನದು ಮಾಹಿಮ್, ಮಧ್ಯ ಮಾರ್ಗದಲ್ಲಿ ಮಾಟುಂಗಾ ಬಿಟ್ಟು ಮುಂದಿನದು ಸಯನ್. ಮಾಹಿಮ್‌ಗೂ ಸಯನ್‌ಗೂ ನೇರ ಲೋಕಲ್ ಇಲ್ಲ. ತಪ್ಪು ಮಾರ್ಗ ಹಿಡಿದು ತಡ ಮಾಡಿಕೊಳ್ಳುವವರು ಬಹಳ, ಹಾಗಾಗಿ ಸ್ಟೇಷನ್ ಹೆಸರಿನ ಜೊತೆ ಪೂರ್ವದ ಕಡೆಯೋ ಪಶ್ಚಿಮದ ಕಡೆಯೋ ಎಂದೂ ಬರೆದುಕೊಳ್ಳಿ. ಮಂಗಳೂರಿನಿಂದ ಮತ್ಸ್ಯಗಂಧದಲ್ಲಿ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಬಂದವರಿಗೆ ಕುರ್ಲಾ ಸ್ಟೇಷನ್‌ಗೆ ಆಟೋ, ಅಲ್ಲಿಂದ ಒಂದೇ ಸ್ಟೇಷನ್ ಸಯನ್. ಲಗೇಜು ಮಾತ್ರ ರೂಮಿನಲ್ಲೇ ಇಟ್ಟು ಬನ್ನಿ. ಬೆನ್ನಿನ ಚೀಲ ಅಗಲವಾಗಿದ್ದರೆ ಗಲ್ಲಿಯಲ್ಲಿ ಎರಡೂ ಗೋಡೆಗೆ ತಾಗುತ್ತದೆ.

ಮುಂದೆ ಮುಚ್ಚಿದ, ಹಿಡಿತವಿರುವ ಶೂ ಹಾಕಿ. ಕೆಲವು ಗಲ್ಲಿಗಳಲ್ಲಿ ಕಾಲಡಿಯ ಕಲ್ಲು ಚಪ್ಪಡಿಯ ಕೆಳಗೇ ಗಟಾರ ಹರಿಯುತ್ತದೆ, ಚಪ್ಪಡಿ ಅಲುಗಾಡುತ್ತದೆ. ತಲೆಯ ಮೇಲೆ ವಿದ್ಯುತ್ ತಂತಿ ಮತ್ತು ಏಣಿ, ಎತ್ತರದವರು ಬಗ್ಗಿಯೇ ನಡೆಯಬೇಕು. ಮಂಡಿನೋವಿರುವ ಹಿರಿಯರು, ತಳ್ಳುಗಾಡಿಯ ಕೂಸು ಇರುವವರು ಒಳಗಲ್ಲಿ ಬಿಟ್ಟು ಕುಂಭಾರವಾಡ ಮತ್ತು ಅಂಗಡಿ ರಸ್ತೆಯ ದಾರಿ ಮಾಡಿಸಿಕೊಳ್ಳಿ. ಆಸ್ತಮಾ ಇದ್ದವರು ಪ್ಲಾಸ್ಟಿಕ್ ಕರಗಿಸುವ ಮತ್ತು ಅಲ್ಯುಮಿನಿಯಂ ಕಾಯಿಸುವ ಕಡೆಗೆ ಹೋಗಬೇಡಿ, ಮುಖಗವಸು ಆ ಹೊಗೆಗೆ ಸಾಲದು. ಆದರೆ ವಾಸನೆಗೆಂದು ಗಲ್ಲಿಯಲ್ಲಿ ಮೂಗಿಗೆ ಕರ್ಚೀಫು ಹಿಡಿಯಬೇಡಿ, ಅದು ಅಲ್ಲಿ ಬದುಕುವವರ ಮುಖಕ್ಕೆ ಹೊಡೆದ ಹಾಗೆ. ಶೌಚಕ್ಕೆ ಹೋಟೆಲ್‌ನಲ್ಲೋ ಸ್ಟೇಷನ್‌ನಲ್ಲೋ ಮುಂಚೆಯೇ ಹೋಗಿಬನ್ನಿ. ಒಳಗಿನ ಸಾರ್ವಜನಿಕ ಶೌಚಾಲಯಗಳಿಗೆ ನಿವಾಸಿಗಳೇ ಸಾಲು ನಿಲ್ಲುತ್ತಾರೆ.

ಕಾಲೇಜು ಗುಂಪುಗಳಿಗೆ

ಕರ್ನಾಟಕದಿಂದ ಸಮಾಜಕಾರ್ಯ, ವಾಸ್ತುಶಿಲ್ಪ, ಪತ್ರಿಕೋದ್ಯಮದ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆದೊಯ್ಯುವ ಅಧ್ಯಾಪಕರು ಮಾಡುವ ದೊಡ್ಡ ತಪ್ಪು, ನಲವತ್ತು ಮಕ್ಕಳನ್ನು ಒಬ್ಬ ಗೈಡ್‌ನ ಹಿಂದೆ ಬಿಡುವುದು. ಹಿಂದಿನ ಮೂವತ್ತು ಮಂದಿಗೆ ಏನೂ ಕೇಳಿಸುವುದಿಲ್ಲ, ಗಲ್ಲಿ ಕಟ್ಟಿಕೊಳ್ಳುತ್ತದೆ, ಹುಡುಗರು ಮೊಬೈಲ್ ತೆಗೆಯುತ್ತಾರೆ. ಎಂಟರ ಐದು ಗುಂಪು ಮಾಡಿ ಐದು ಗೈಡ್ ಕೇಳಿ, ಹದಿನೈದು ನಿಮಿಷದ ಅಂತರದಲ್ಲಿ ಬಿಡಿ. ಸಾಧ್ಯವಾದರೆ ಎರಡು ಗುಂಪು ಸಯನ್ ಕಡೆಯಿಂದ, ಮೂರು ಮಾಹಿಮ್ ಕಡೆಯಿಂದ ಶುರುವಾಗಲಿ. ಅಷ್ಟು ಗೈಡ್ ಹೊಂದಿಸಲು ಸಣ್ಣ ತಂಡಗಳಿಗೆ ಎರಡು–ಮೂರು ವಾರದ ಮುನ್ಸೂಚನೆ ಬೇಕು. ಪ್ರಶ್ನಾವಳಿ ಹಿಡಿದು ಮನೆಮನೆ ಕೇಳಿಸುವ ಯೋಜನೆ ಇದ್ದರೆ ಅದು ಪ್ರವಾಸದ ಜೊತೆ ಬೆರೆಯಬಾರದು. ಸಮೀಕ್ಷೆ ಎಂಬ ಮಾತೇ ಈಗ ಅಲ್ಲಿ ಮನೆ ಉಳಿಯುವ, ಹೋಗುವ ಪ್ರಶ್ನೆಯ ಜೊತೆ ತಳಕು ಹಾಕಿಕೊಂಡಿದೆ. ಕೈಯಲ್ಲಿ ಕಾಗದ ಹಿಡಿದ ಅಪರಿಚಿತರನ್ನು ಕಂಡರೆ ಜನ ಗಾಬರಿಯಾಗುತ್ತಾರೆ.

ಕೊಡುವುದು, ಕೊಳ್ಳುವುದು

ಮಕ್ಕಳಿಗೆ ಚಾಕೊಲೇಟ್, ಪೆನ್ನು, ಹತ್ತು ರೂಪಾಯಿ ಹಂಚಬೇಡಿ. ಪ್ರವಾಸಿಗರು ಬರುವ ಗಲ್ಲಿಯ ಮಗು ಕೈಚಾಚುವುದನ್ನು ಕಲಿಯುವುದು ಹೀಗೆಯೇ, ಆಮೇಲೆ ಮುಜುಗರ ಅನುಭವಿಸುವವರು ಅದರ ತಾಯಿ ತಂದೆ. ಕೊಡುವ ಮನಸ್ಸಿದ್ದರೆ ಅಲ್ಲಿ ಕೆಲಸ ಮಾಡುವ ಸಂಸ್ಥೆಗೆ ರಸೀದಿ ಪಡೆದು ಕೊಡಿ. ಗೈಡ್‌ಗೆ ಟಿಪ್ಸ್ ಕೊಡುವುದಾದರೆ ಎಲ್ಲರ ಮುಂದೆ ಬೇಡ, ಕೈಗೇ ಕೊಡಿ.

ಚರ್ಮದ ಬ್ಯಾಗು, ಬೆಲ್ಟು ಕೊಳ್ಳುವಾಗ ಅಂಚಿನ ಕಡೆ ನೋಡಿ. ಕತ್ತರಿಸಿದ ಅಂಚಿನಲ್ಲಿ ನಾರು ಕಂಡರೆ ಚರ್ಮ, ಬಟ್ಟೆಯ ಪದರದ ಮೇಲೆ ನಯವಾದ ಲೇಪ ಕಂಡರೆ ರೆಕ್ಸಿನ್. ಎರಡೂ ಅಲ್ಲಿ ಸಿಗುತ್ತವೆ, ಬೆಲೆ ಬೇರೆ ಬೇರೆ. ಮೇಲೆ ದೊಡ್ಡ ಬ್ರ್ಯಾಂಡಿನ ಮುದ್ರೆ ಇರುವ ಅಗ್ಗದ ಮಾಲು ಬಿಟ್ಟು, ಧಾರಾವಿಯ ವರ್ಕ್‌ಶಾಪ್‌ನವರ ಸ್ವಂತ ಹೆಸರಿನ ಸಾಮಾನು ಕೇಳಿ, ಹೊಲಿಗೆ ಗಟ್ಟಿಯಿರುತ್ತದೆ. ಗೈಡ್ ಕರೆದೊಯ್ದ ಅಂಗಡಿಯಲ್ಲೇ ಕೊಳ್ಳಬೇಕೆಂಬ ಒತ್ತಾಯ ಬಂದರೆ, ಆಗಲೇ ಏನೂ ಹೇಳದೆ, ಆಮೇಲೆ ತಂಡದ ಕಚೇರಿಗೆ ದಿನಾಂಕ, ಗಂಟೆ ಮತ್ತು ಗೈಡ್ ಹೆಸರಿನ ಜೊತೆ ತಿಳಿಸಿ. ಸಾರ್ವಜನಿಕ ವಿಮರ್ಶೆ ಬರೆಯುವ ಮುಂಚೆ ಒಂದು ವಾರ ಅವರ ಉತ್ತರಕ್ಕೆ ಕಾಯಿರಿ. ಒಂದು ನಕ್ಷತ್ರದ ವಿಮರ್ಶೆಗೆ ಮೊದಲು ಕೆಲಸ ಕಳೆದುಕೊಳ್ಳುವುದು ಸಾಮಾನ್ಯವಾಗಿ ಆ ಗಲ್ಲಿಯ ಹುಡುಗನೇ.